ಕ್ಯಾತಜ್ಜಿ ಎತ್ತಿದ ಫೋನು

ನಮ್ಮ ಮನೆಯ ನಡುಮನೆ ಕಿಟಕಿಯ ಸರಳಿಗೆ ಒಂದು ಬಟ್ಟೆಚೀಲ ನೇತಾಡುತ್ತಿರುತ್ತದೆ. ಅದರೊಳಗೆ ನನ್ನ ಫೋನು. ಕೊರಟಗೆರೆಯ ಈ ಬಾಡಿಗೆ ಮನೆಯಲ್ಲಿ ಬಚ್ಚಲಲ್ಲಿ ನಿಂತರೂ ನಾಲ್ಕು ಕಡ್ಡಿ ಟವರು ಬರುತ್ತದೆ, ವೈಫೈ ಬೇರೆ ಇದೆ. ಆದರೂ ಶಾಲೆಯಿಂದ ಬಂದವನೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಫೋನನ್ನು ಚೀಲಕ್ಕೆ ಇಳಿಬಿಟ್ಟು ಕಿಟಕಿಗೆ ತಗುಲಿಸದಿದ್ದರೆ ನನಗೆ ಮನೆಗೆ ಬಂದ ಹಾಗೇ ಆಗುವುದಿಲ್ಲ. ಐದನೇ ಕ್ಲಾಸಿನ ನನ್ನ ಮಗಳಂತೂ ಗೆಳತಿಯರನ್ನು ಕರಕೊಂಡು ಬಂದು ಇದನ್ನು ತೋರಿಸುತ್ತಾಳೆ. "ನಮ್ಮಪ್ಪನ ಫೋನು ಬಾವಲಿ ಕಣ್ರೇ, ನೇತಾಡ್ಕೊಂಡೇ ಇರುತ್ತೆ" ಅನ್ನುತ್ತಾಳೆ. ಅವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತವೆ.

ನಗಲಿ ಬಿಡಿ. ಮೇಷ್ಟ್ರಾದವನು ಮಕ್ಕಳ ನಗೆಗೆಲ್ಲ ಬೇಜಾರು ಮಾಡಿಕೊಂಡರೆ ಪಿಂಚಣಿ ಮುಟ್ಟುವತನಕ ಬದುಕುವುದಿಲ್ಲ. ಆದರೆ ಈ ನೇತುಹಾಕುವ ಚಾಳಿ ನನಗೆ ಎಲ್ಲಿಂದ ಅಂಟಿತು ಅನ್ನುವುದನ್ನು ನಿಮಗಾದರೂ ಹೇಳಿಬಿಡಬೇಕು ಅನ್ನಿಸಿದೆ. ಅದರ ಹಿಂದೆ ಒಬ್ಬ ಮುದುಕಿ ಇದ್ದಾಳೆ, ನನ್ನ ಜೀವನದ ಮುಕ್ಕಾಲು ಪಾಲು ಸುಖವೂ ಇದೆ.

ನಾನು ಹುಟ್ಟಿ ಬೆಳೆದದ್ದು ಮಧುಗಿರಿಯಲ್ಲಿ, ಬೆಟ್ಟದ ಬುಡದ ಒಂದು ಬೀದಿಯಲ್ಲಿ. ಆ ಬೀದಿಗೆಲ್ಲ ಒಂದೇ ಫೋನು, ಅದು ಹಿಟ್ಟಿನ ಗಿರಣಿಯವರ ಮನೆಯಲ್ಲಿ. ನಮ್ಮ ನೆಂಟರೆಲ್ಲರ ಡೈರಿಯಲ್ಲಿ ಆ ನಂಬರನ್ನೇ ನಮ್ಮ ಹೆಸರಿನ ಮುಂದೆ ಬರೆದು ಪಕ್ಕದಲ್ಲಿ 'ಪಿ.ಪಿ.' ಅಂತ ಎರಡಕ್ಷರ ಹಾಕಿರುತ್ತಿದ್ದರು. ಫೋನು ಬಂದರೆ ಗಿರಣಿಯ ಯಜಮಾನತಿ ಜಗಲಿಗೆ ಬಂದು ಕೂಗು ಹಾಕುತ್ತಿದ್ದರು. ನಮ್ಮಪ್ಪ ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಹೋಗುತ್ತಿದ್ದರು. ಅಷ್ಟು ಹೊತ್ತಿಗೆ ಆ ಕಡೆಯವರು ಫೋನು ಇಟ್ಟಿರುತ್ತಿದ್ದರು. ಆದರೇನಂತೆ, ಯಜಮಾನತಿ ವಿಷಯವನ್ನೆಲ್ಲ ಕೇಳಿಟ್ಟುಕೊಂಡೇ ಇರುತ್ತಿದ್ದರು. "ನಿಮ್ಮ ತಂಗಿಗೆ ಗಂಡು ಮಗು ಅಂತೆ ಕಣಪ್ಪ, ಎರಡೂ ಚೆನ್ನಾಗವಂತೆ" ಅಂತ ಹೇಳಿ, ಅಪ್ಪನ ಕೈಗೆ ಒಂದು ಚೂರು ಬೆಲ್ಲವನ್ನೂ ಕೊಟ್ಟು ಕಳಿಸುತ್ತಿದ್ದರು.

ಹೀಗಾಗಿ ನಮಗೆ ಬಂದ ಫೋನನ್ನು ಇನ್ನೊಬ್ಬರು ಎತ್ತುವುದು ನನಗೆ ಹೊಸತೇನಲ್ಲ. ಆದರೆ ನೋಡಿ, ತಿಂಗಳ ಸಂಬಳ ಅಂತ ಒಂದು ಬರೋಕೆ ಶುರುವಾದ ಮೇಲೆ ಮನುಷ್ಯನಿಗೆ ಇಲ್ಲದ ಠೀವಿ ಬಂದುಬಿಡುತ್ತದೆ. ಕೆಲಸ ಸಿಕ್ಕಿ, ಬಟನ್ನಿನ ಫೋನೊಂದನ್ನು ಕೊಂಡು ಜೇಬಿಗೆ ಹಾಕಿಕೊಂಡಾಗ ನಾನು ಯಾರಪ್ಪನ ಆಸ್ತಿಯೂ ಅಲ್ಲ ಅನ್ನುವಂತೆ ನಡೆದಾಡುತ್ತಿದ್ದೆ.

ನನ್ನನ್ನು ಹಾಕಿದ್ದು ಶಿರಾ ತಾಲ್ಲೂಕು ಹುಲಿಕುಂಟೆ ಹೋಬಳಿಯ ಒಂದು ಹಟ್ಟಿಗೆ. ಕುರಿ ಸಾಕುವವರ ನಲವತ್ತು ಮನೆ, ಒಂದು ಕೊಠಡಿಯ ಶಾಲೆ, ಅದಕ್ಕೆ ಒಬ್ಬನೇ ಮೇಷ್ಟ್ರು ನಾನು. ಬರಗೂರಿನಲ್ಲಿ ರೂಮು ಮಾಡಿಕೊಂಡು ದಿನಾ ಬಸ್ಸಿಳಿದು ನಡೆದು ಹೋಗುತ್ತಿದ್ದೆ. ರೂಮಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದ ಫೋನು, ಹಟ್ಟಿಯ ದಾರಿ ಹಿಡಿದ ಕೂಡಲೇ ಒಂದೊಂದೇ ಕಡ್ಡಿ ಕಳಕೊಂಡು, ಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ಸತ್ತ ಹೆಣ. ಹಟ್ಟಿಯ ಮೂರು ಕಡೆಗೂ ಗುಡ್ಡ. ಊರಾಚೆಯ ದಿಣ್ಣೆಯ ಮೇಲೆ ಒಂದು ದೊಡ್ಡ ಕಮರದ ಮರ ಇತ್ತು. ಅದರ ನೇರಕ್ಕೆ ಎರಡು ಗುಡ್ಡಗಳ ನಡುವೆ ಒಂದು ಸಂದು. ಆ ಸಂದಿನಿಂದ ದೂರದ ಯಾವುದೋ ಟವರು ಇಣುಕಿ ನೋಡುತ್ತಿತ್ತು. ಆ ಮರದ ಕೆಳಗೆ ಮಾತ್ರ ಎರಡು ಕಡ್ಡಿ, ಗಾಳಿ ಚೆನ್ನಾಗಿದ್ದರೆ ಮೂರು.

ಗಾಳಿಗೂ ಟವರಿಗೂ ಏನು ಸಂಬಂಧ ಅಂತ ಕೇಳಬೇಡಿ. ಹಟ್ಟಿಯವರು ಹಾಗೆ ಅನ್ನುತ್ತಿದ್ದರು, ನಾನು ವಿಜ್ಞಾನವನ್ನೂ ಕಲಿಸುವ ಮೇಷ್ಟ್ರಾದರೂ ಒಪ್ಪಿಕೊಂಡಿದ್ದೆ.

ಗಂಡಸರು ಬೆಳಿಗ್ಗೆ ಕುರಿ ಹೊಡೆದುಕೊಂಡು ಮೇವಿನ ಕಾವಲಿಗೆ ಹೋಗುವವರು. ಅಲ್ಲಿ ಟವರಿಲ್ಲ. ಮನೆಯಲ್ಲಿ ಬಿಟ್ಟು ಹೋದರೆ ಮನೆಯಲ್ಲೂ ಇಲ್ಲ. ಅದಕ್ಕೆ ಅವರೇ ಒಂದು ಏರ್ಪಾಟು ಮಾಡಿಕೊಂಡಿದ್ದರು. ಎಲೆಅಡಿಕೆ ಹಾಕಿಕೊಳ್ಳುವ ಹಳೆಯ ಬಟ್ಟೆಚೀಲಗಳಲ್ಲಿ ಫೋನು ಇಟ್ಟು, ಕುರಿ ಹೊರಡಿಸುವಾಗ ಆ ಮರದ ತಗ್ಗಿನ ಕೊಂಬೆಗಳಿಗೆ ತಗುಲಿಸಿ ಹೋಗುವುದು. ಕೆಳಗೆ ಬಂಡೆಯ ಮೇಲೆ ಕ್ಯಾತಜ್ಜಿ ಕೂತಿರುತ್ತಿದ್ದಳು. ಕುರಿಗಳು ಮೇಯಲು ಹೋದಾಗ ಎಳೆಮರಿಗಳನ್ನು ನೋಡಿಕೊಳ್ಳುವುದು ಆಕೆಯ ಕೆಲಸ. ಅದರ ಜೊತೆಗೆ ಇದೂ ಒಂದು ಸೇರಿಕೊಂಡಿತ್ತು. ಯಾವ ಫೋನು ಕೂಗಿದರೂ ಎದ್ದು ಹೋಗಿ, ಚೀಲದಿಂದ ತೆಗೆದು, ಹಸಿರು ಗುಂಡಿ ಒತ್ತಿ, "ಯಾರು? ಹೇಳಿ" ಅನ್ನುವಳು. ಆಕೆಗೆ ಓದು ಬರಹ ಇಲ್ಲ. ಪರದೆಯ ಮೇಲೆ ಬರುವ ಹೆಸರು ಅವಳಿಗೆ ಇರುವೆ ಸಾಲು. ಆದರೆ ಚೀಲ ನೋಡಿದ ಕೂಡಲೇ ಇದು ಯಾರದು ಅಂತ ಗೊತ್ತು. ಕೆಂಪು ಅಂಚಿನದು ಈರಣ್ಣಂದು, ಕಂಬಳಿ ತುಂಡಿನದು ಗೌಡಂದು, ಹಳದಿ ತೇಪೆಯದು ಜುಂಜಣ್ಣಂದು.

"ಇವೂ ಮರಿಗಳೇ ಕಣ್ ಮೇಷ್ಟ್ರೇ. ಅವ್ವದೀರು ಮೇಯಾಕೆ ಹೋಗಿರ್ತವೆ, ಇವು ಇಲ್ಲಿ ಅರಚ್ಕೊತಾ ಇರ್ತವೆ. ಯಾರಾದ್ರೂ ನೋಡ್ಕಬೇಕಲ್ಲ" ಅನ್ನುತ್ತಿದ್ದಳು.

ಸಂಜೆ ಕುರಿ ತಿರುಗಿ ಬರುವ ಹೊತ್ತಿಗೆ ಆ ಮರದ ಕೆಳಗೆ ನಿಲ್ಲಬೇಕಿತ್ತು ನೀವು. ಒಬ್ಬೊಬ್ಬರಿಗೂ ಅವರವರ ಸುದ್ದಿ ಒಪ್ಪಿಸುತ್ತಿದ್ದಳು. "ಲೇ ಈರ, ನಿನ್ ಭಾಮೈದ ಮಾಡಿದ್ದ. ಹೋತ ಕೊಟ್ಬುಟ್ನಂತೆ. ದನಿ ಯಾಕೋ ಸಣ್ಣಗಿತ್ತು ಕಣ್ಲಾ, ಮೈಯಾಗೆ ಹುಷಾರಿಲ್ವೇನೋ, ಮಾಡಿ ಕೇಳು." ಬರೀ ಮಾತಲ್ಲ, ಮಾತಿನ ಒಳಗಿನ ದನಿಯನ್ನೂ ಮುಟ್ಟಿಸುತ್ತಿದ್ದಳು. ಬೈದಿದ್ದರೆ ಬೈಗುಳ ಸಮೇತ. ಯಾವ ಮಾತನ್ನೂ ಹಿಡಿದಿಟ್ಟುಕೊಂಡವಳಲ್ಲ. ಕಂಪನಿಗಳ ರೆಕಾರ್ಡು ದನಿ ಬಂದರೂ ಪೂರ್ತಿ ಕೇಳುವಳು. "ಯಾವಳೋ ಒಬ್ಳು ದಿನಾ ಮಾಡ್ತಾಳೆ, ಒಂದು ಒತ್ತು ಎರಡು ಒತ್ತು ಅಂತಾಳೆ. ನಾನು ಏನು ಅಂದ್ರೂ ಅವಳ ಪಾಡಿಗೆ ಅವಳು. ಪಾಪ, ಹೊಟ್ಟೆಪಾಡು."

ಒಂದು ದಿನ ನಾನು ನನ್ನ ಪಾಂಡಿತ್ಯ ತೋರಿಸಲು ಹೋದೆ. ಟವರಿನಿಂದ ಕಣ್ಣಿಗೆ ಕಾಣದ ಅಲೆಗಳು ಹೇಗೆ ಹೊರಡುತ್ತವೆ, ಗುಡ್ಡ ಅಡ್ಡ ಬಂದರೆ ಹೇಗೆ ಸೋತುಹೋಗುತ್ತವೆ ಅಂತ ಮಣ್ಣಿನಲ್ಲಿ ಗೆರೆ ಎಳೆದು ಹೇಳಿದೆ. ಅಜ್ಜಿ ಮರಿಯೊಂದರ ಕಿವಿಯಲ್ಲಿದ್ದ ಉಣ್ಣೆಹುಳು ಕೀಳುತ್ತಾ ಎಲ್ಲ ಕೇಳಿಸಿಕೊಂಡಳು. "ಅದು ಎಲ್ಲಿಂದಾದ್ರೂ ಬರ್ಲಿ ಬುಡಿ. ಬಂದ್ಮ್ಯಾಕೆ ಎತ್ತಾಕೆ ಒಂದಾಳು ಬೇಕಲ್ಲ" ಅಂದಳು. ಅಷ್ಟೇ. ನನ್ನ ಗೆರೆಗಳ ಮೇಲೆ ಮರಿ ಓಡಾಡಿತು.

ಇಷ್ಟೆಲ್ಲ ಆದರೂ ನಾನು ನನ್ನ ಫೋನನ್ನು ಮರಕ್ಕೆ ಹಾಕಿರಲಿಲ್ಲ. ಅಲ್ಲ ಸ್ವಾಮಿ, ಸರ್ಕಾರಿ ನೌಕರನ ಫೋನನ್ನು ಕುರಿಮರಿ ಕಾಯೋ ಮುದುಕಿ ಎತ್ತುವುದು ಅಂದರೇನು? ಜೇಬಿನಲ್ಲೇ ಇಟ್ಟುಕೊಂಡು, ದಿನವಿಡೀ ನಾಟ್ ರೀಚಬಲ್ ಆಗಿ, ಘನತೆ ಕಾಪಾಡಿಕೊಂಡಿದ್ದೆ. ಒಂದು ಸಲ ಬರಗೂರಿನಲ್ಲೂ ಎರಡು ದಿನ ಕರೆಂಟು ಹೋಗಿ ಫೋನು ಪೂರ್ತಿ ಮಲಗಿತು. ಮೂರನೇ ದಿನ ನಾನು ಮಗ್ಗಿ ಹೇಳಿಸುತ್ತಿರುವಾಗ ಶಾಲೆಯ ಬಾಗಿಲಲ್ಲಿ ನಮ್ಮಮ್ಮ! ಹಿಂದೆ ಸೋದರಮಾವ, ಕೈಯಲ್ಲಿ ಬ್ಯಾಗು. ಮಧುಗಿರಿಯಿಂದ ಶಿರಾ, ಶಿರಾದಿಂದ ಬರಗೂರು, ಅಲ್ಲಿಂದ ಬಿಸಿಲಲ್ಲಿ ನಡಿಗೆ. ಅಮ್ಮ ಸೀದಾ ಒಳಗೆ ಬಂದು ಮಕ್ಕಳೆದುರಿಗೇ ನನ್ನ ಕೆನ್ನೆಗೆ ಮೆಲ್ಲಗೆ ಒಂದು ಬಿಟ್ಟರು, ಆಮೇಲೆ ಗೊಳೋ ಅಂತ ಅತ್ತರು. "ಮೂರು ದಿನದಿಂದ ಯಾವಳೋ ನೀನು ವ್ಯಾಪ್ತಿ ಪ್ರದೇಶದ ಹೊರಗಿದ್ದೀಯ ಅಂತಾಳಲ್ಲೋ! ಯಾವ ವ್ಯಾಪ್ತಿ, ಯಾವ ಪ್ರದೇಶ ಅಂತ ಕೇಳಿದ್ರೆ ಉತ್ತರ ಇಲ್ಲ." ಮಕ್ಕಳು ಆ ವಾರವೆಲ್ಲ ಖುಷಿಯಾಗಿದ್ದವು.

ಮಾರನೇ ದಿನವೇ ಸಮವಸ್ತ್ರದ ನೀಲಿ ಬಟ್ಟೆಯಲ್ಲಿ ಒಂದು ಚೀಲ ಹೊಲಿಸಿ ಮರಕ್ಕೆ ತಗುಲಿಸಿದೆ. ಕ್ಯಾತಜ್ಜಿ ಅದನ್ನು ಮುಟ್ಟಿ, ತಿರುಗಿಸಿ ನೋಡಿ, "ನೀಲಿ ಮೇಷ್ಟ್ರುದು" ಅಂತ ಎರಡು ಸಲ ಬಾಯಲ್ಲಿ ಹೇಳಿಕೊಂಡಳು. ಅವಳ ಲೆಕ್ಕಕ್ಕೆ ನಾನು ಸೇರಿದೆ.

ಈಗ ನನ್ನ ಮದುವೆಯ ವಿಷಯಕ್ಕೆ ಬರಬೇಕು. ನನಗಾಗ ಮೂವತ್ತನಾಲ್ಕು. ಹಣೆಯ ಕಡೆಯಿಂದ ಕೂದಲು ರಾಜೀನಾಮೆ ಕೊಡಲು ಶುರುಮಾಡಿತ್ತು. ನೋಡಿದ ಸಂಬಂಧಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ಮುರಿದಿದ್ದವು. ಪಾವಗಡದ ಗಡಿಯ ಊರಿನದಂತೂ ಟವರಿನಿಂದಲೇ ಮುರಿಯಿತು. ಹೆಣ್ಣಿನ ಮನೆಯವರು "ಕೂರ್ಚೋಂಡಿ, ಕೂತ್ಕಳ್ಳಿ" ಅಂತ ಎರಡು ಭಾಷೆಯಲ್ಲೂ ಉಪಚರಿಸಿ ಚಾಪೆ ಹಾಸಿದರು. ನಾವು ಕೂತ ಕೂಡಲೇ ಸೋದರಮಾವನ ಫೋನಿಗೆ 'ಆಂಧ್ರಕ್ಕೆ ಸ್ವಾಗತ' ಅಂತ ಸಂದೇಶ ಬಂತು. ಊರು ನಮ್ಮ ರಾಜ್ಯದ್ದೇ, ಟವರು ಮಾತ್ರ ಪಕ್ಕದ್ದು. ಅಷ್ಟರಲ್ಲಿ ಮಾವನಿಗೆ ಯಾರದೋ ಕರೆ ಬಂತು. ರೋಮಿಂಗಿನಲ್ಲಿ ಎತ್ತಿದರೆ ಕರೆನ್ಸಿ ಹೋಗುತ್ತದೆ ಅಂತ ಹೆದರಿ, "ಏಳ್ರೋ ಏಳ್ರೋ" ಅಂತ ಅಂಗಳಕ್ಕೆ, ಅಂಗಳದಿಂದ ರಸ್ತೆಗೆ, ನಮ್ಮ ಟವರು ಹುಡುಕಿಕೊಂಡು ಹೋದವರು ಅರ್ಧ ಗಂಟೆ ಬರಲಿಲ್ಲ. ಹೆಣ್ಣಿನವರು ಇದು ಅವಮಾನ ಅಂದರು. ನಾನಾಗಿದ್ದರೂ ಅನ್ನುತ್ತಿದ್ದೆ.

ಆಮೇಲೆ ಹೊಳವನಹಳ್ಳಿಯಲ್ಲಿ ವನಜಾಳನ್ನು ನೋಡಿದೆ. ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಳು. ಕಾಫಿ ತಂದುಕೊಟ್ಟಳು. ನಾನು ಲೋಟ ತೆಗೆದುಕೊಳ್ಳುವ ಗಡಿಬಿಡಿಯಲ್ಲಿ ಅರ್ಧ ಕಾಫಿ ನನ್ನ ಬಿಳಿ ಪ್ಯಾಂಟಿನ ಮೇಲೆ ಚೆಲ್ಲಿಕೊಂಡೆ. ಒಂದು ಮಾತಾಡದೆ ಒಳಗಿನಿಂದ ಒದ್ದೆ ಬಟ್ಟೆ ತಂದುಕೊಟ್ಟಳು. ನಗು ತಡೆದುಕೊಳ್ಳಲು ತುಟಿ ಕಚ್ಚಿದ್ದಳು. ಆ ತುಟಿ ಕಚ್ಚಿದ್ದು ನೋಡಿ ನಾನು ಅಲ್ಲೇ ಮುಗಿದುಹೋದೆ. ಇವಳು ಇಲ್ಲದಿದ್ದರೆ ಇನ್ಯಾರೂ ಬೇಡ ಅಂತ ಬಸ್ಸಿನಲ್ಲೇ ಅಮ್ಮನಿಗೆ ಹೇಳಿಬಿಟ್ಟೆ. ಅವಳ ತಂದೆ ರಂಗಪ್ಪನವರು ಮಾತು ಕಮ್ಮಿಯ ಮನುಷ್ಯ. "ವಿಚಾರಿಸ್ಕೊಂಡು ಫೋನ್ ಮಾಡ್ತೀವಿ. ಶುಕ್ರವಾರದೊಳಗೆ" ಅಂದಿದ್ದರು.

ಆ ವಾರ ನಾನು ಪಾಠ ಮಾಡಿದ್ದು ಆ ದೇವರಿಗೇ ಪ್ರೀತಿ.

ಬುಧವಾರ ನನ್ನ ನೀಲಿ ಚೀಲದೊಳಗೆ ಕೆಂಪು ಪೆನ್ನು ಸೋರಿಕೊಂಡಿತು. ಒಗೆದು ರೂಮಿನಲ್ಲಿ ಒಣಗಲು ಹಾಕಿದೆ. ಗುರುವಾರ ಬೆಳಿಗ್ಗೆ ಫೋನನ್ನು ಯಾವುದರಲ್ಲಿ ಇಡುವುದು? ಮರದಲ್ಲಿ ಹಳದಿ ತೇಪೆಯ ಚೀಲವೊಂದು ಖಾಲಿ ನೇತಾಡುತ್ತಿತ್ತು. ಜುಂಜಣ್ಣ ಮಂದೆ ಹೊಡೆದುಕೊಂಡು ಪಾವಗಡದ ಕಡೆ ಹೋಗಿ ತಿಂಗಳಾಗಿತ್ತು, ಫೋನನ್ನೂ ಒಯ್ದಿದ್ದ. ಅಜ್ಜಿ ಇನ್ನೂ ಬಂದಿರಲಿಲ್ಲ. ಒಂದು ದಿನದ ಮಟ್ಟಿಗೆ ಏನು ಮಹಾ ಅಂತ ನನ್ನ ಫೋನನ್ನು ಅದರೊಳಗೆ ಇಳಿಬಿಟ್ಟು ಶಾಲೆಗೆ ಓಡಿದೆ. ಆ ಹಟ್ಟಿಯಲ್ಲಿ ಮೂರು ವರ್ಷ ಇದ್ದವನಿಗೆ, ಚೀಲ ಅಂದರೆ ಆಳು, ಆಳು ಅಂದರೆ ಚೀಲ ಅನ್ನುವಷ್ಟು ಬುದ್ಧಿ ಇರಬೇಕಿತ್ತು. ಇರಲಿಲ್ಲ, ಏನು ಮಾಡಲಿ.

ಸಂಜೆ ಹೋಗಿ ಹಳದಿ ಚೀಲಕ್ಕೆ ಕೈಹಾಕಿದರೆ ಕ್ಯಾತಜ್ಜಿ ಗದರಿದಳು. "ಅಯ್ ಮೇಷ್ಟ್ರೇ, ಅದು ಜುಂಜಂದು. ನಿಮ್ದು ಇವತ್ತು ಬಂದಿಲ್ಲ."

"ಇಲ್ಲಜ್ಜಿ, ಇದರಲ್ಲಿರೋದು ನನ್ನ ಫೋನೇ. ಚೀಲ ಒಗೆದಿದ್ದೆ."

ಅಜ್ಜಿಯ ಮುಖ ಬೂದಿಯಾಯಿತು. ಕೂತಿದ್ದವಳು ಎದ್ದು ನಿಂತಳು, ಮತ್ತೆ ಕೂತಳು. "ಕೆಟ್ನಲ್ಲಪ್ಪೋ! ಜುಂಜ ಬಂದವ್ನೆ, ನನ್ನ ಮಾತಾಡುಸ್ದೆ ಕುರಿಗೆ ಹೋದ್ನಲ್ಲ ಅಂತ ಬೆಳಗಿಂದ ಉರ್ಕೊಂಡಿದ್ದೆ ಕಣ್ ಮೇಷ್ಟ್ರೇ. ಮಧ್ಯಾನ ಯಾರೋ ಯಜಮಾನ್ರು ಮಾಡಿದ್ರು. ಈ ಫೋನ್ನೋನು ನಿಂಗೆ ಗೊತ್ತೇನಮ್ಮ ಅಂದ್ರು. ಗೊತ್ತಿಲ್ದೆ ಏನಪ್ಪ, ಹುಟ್ಟಿದಾಗಿಂದ ನೋಡಿವ್ನಿ ಅಂದೆ. ನಮ್ ಹುಡುಗೀನ ಕೊಡಾನ ಅಂತಿದ್ದೀವಿ, ಮನುಷ್ಯ ಹೆಂಗೆ, ನಿಜ ಹೇಳು ಅಂದ್ರು."

"ನೀನೇನಂದೆ?"

"ಇನ್ನೇನಂತೀನಿ! ಅವ್ನಿಗೆ ಆಗ್ಲೇ ಇಬ್ರು ಹೆಂಡ್ರು, ಐದು ಮಕ್ಳು, ನಿನ್ ಹುಡುಗೀನ ಬಾವಿಗೆ ಹಾಕು, ಇವ್ನಿಗೆ ಕೊಡಬ್ಯಾಡ ಅಂದೆ."

ರಂಗಪ್ಪನವರು ಜಾಣತನ ಮಾಡಿ, ಹುಡುಗನ ಹೆಸರೆತ್ತದೆ, ಹಟ್ಟಿಯವರ ಬಾಯಿಂದಲೇ ನಿಜ ತೆಗೆಯಲು ಹೋಗಿದ್ದರು. ಅಜ್ಜಿ ನಿಜವನ್ನೇ ಹೇಳಿದ್ದಳು. ಆದರೆ ಅದು ಜುಂಜಣ್ಣನ ನಿಜ.

ಅಲ್ಲಿಂದಲೇ ರಂಗಪ್ಪನವರಿಗೆ ಫೋನು ಹಚ್ಚಿದೆ. ಒಂದೇ ಸಲ ಎತ್ತಿದರು. "ಮೇಷ್ಟ್ರೇ, ನಿಮ್ಮೂರಿನ ಮುದುಕಿ ದೇವರಂಥೋಳು. ನಮ್ಮನ್ನ ಉಳಿಸಿದ್ಲು. ಇಡ್ರಿ ಫೋನು" ಅಂದರು. ಆಮೇಲೆ ನನ್ನ ನಂಬರು ನೋಡಿದರೆ ಎತ್ತಲೇ ಇಲ್ಲ. ಕುರಿ ಬಂದು, ಗಂಡಸರೆಲ್ಲ ಸೇರಿ, ವಿಷಯ ತಿಳಿದು, ಮರದಲ್ಲಿದ್ದ ಒಂದೊಂದೇ ಫೋನಿನಿಂದ ಮಾಡಿ ನಾನು ಎಂಥ ಸಂಭಾವಿತ ಅಂತ ಹೇಳಲು ಶುರುಮಾಡಿದರು. ಆರನೆಯ ಕರೆಗೆ ರಂಗಪ್ಪನವರು, "ಒಂದು ಹಟ್ಟಿಗೆ ಹಟ್ಟಿಯೇ ಸುಳ್ಳು ಹೇಳ್ತೈತಲ್ರೀ!" ಅಂತ ಕೂಗಿ ಫೋನನ್ನೇ ಆಫ್ ಮಾಡಿದರು. ಸೋದರಮಾವ ಹೊಳವನಹಳ್ಳಿಗೆ ಹೋಗಿ ಬಂದರು. ಕಾಫಿ ಕೊಟ್ಟು, ಜಾತಕ ಕೂಡಲಿಲ್ಲ ಅಂತ ನಯವಾಗಿ ಹೇಳಿ ಕಳಿಸಿದರಂತೆ. ಶನಿವಾರ ಮಧುಗಿರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರೆ ನಮ್ಮಮ್ಮ ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಕೇಳಿದರು. "ನಿಜ ಹೇಳೋ, ನಾನು ಬೈಯಲ್ಲ. ಇಬ್ರೂ ಚೆನ್ನಾಗಿದ್ದಾರಾ? ಮಕ್ಳು ಯಾರನ್ನ ಹೋಲ್ತವೆ?"

ಈಗ ಹೇಳಿದರೆ ನಗು ಬರುತ್ತದೆ. ಆಗ ನಾನು ನಕ್ಕಿರಲಿಲ್ಲ. ರಾತ್ರಿ ಊಟ ಸೇರುತ್ತಿರಲಿಲ್ಲ. ಆ ತುಟಿ ಕಚ್ಚಿದ ಮುಖವನ್ನು ಇನ್ನು ನೋಡುವುದಿಲ್ಲ ಅನ್ನುವುದು ಎದೆಯಲ್ಲಿ ಕಲ್ಲಾಗಿ ಕೂತಿತ್ತು. ಆ ಸಿಟ್ಟನ್ನೆಲ್ಲ ಒಬ್ಬ ಮುದುಕಿಯ ಮೇಲೆ ಹಾಕಿದೆ. ಸೋಮವಾರದಿಂದ ಫೋನನ್ನು ಮರಕ್ಕೆ ಹಾಕುವುದು ನಿಲ್ಲಿಸಿದೆ. "ಹಾಕಿ ಮೇಷ್ಟ್ರೇ, ಅವ್ರು ಮಾಡುದ್ರೂ ಮಾಡ್ಬೋದು" ಅಂತ ಅವಳು ದಿಣ್ಣೆಯ ಮೇಲಿಂದ ಕೂಗಿದರೆ ಕೇಳಿಸದವನ ಹಾಗೆ ಹೋಗುತ್ತಿದ್ದೆ. ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗುರುವಾರ ಕ್ಯಾತಜ್ಜಿ ಶಾಲೆಯ ಬಾಗಿಲಿಗೆ ಬಂದಳು. ಅಷ್ಟು ವರ್ಷದಲ್ಲಿ ಒಂದು ದಿನವೂ ಬಂದವಳಲ್ಲ. ಹೊಸ್ತಿಲಾಚೆಯೇ ನಿಂತು ಸೆರಗು ಒಡ್ಡಿದಳು. ಮಕ್ಕಳು ಮಗ್ಗಿ ನಿಲ್ಲಿಸಿದವು.

"ಕೊಡಿ ಮೇಷ್ಟ್ರೇ ಫೋನ. ನಂಗೆ ಮಾಡಾಕೆ ಬರಲ್ಲ, ಎತ್ತಾಕೆ ಒಂದೇ ಬರೋದು. ಎತ್ತಾಕಾದ್ರೂ ಬುಡಿ. ನನ್ ಬಾಯಿಂದ ಕೆಟ್ಟಿದ್ದು ಇದು."

ಫೋನನ್ನು ಅವಳ ಸೆರಗಿಗೆ ಹಾಕಿದೆ. ಚೀಲಕ್ಕೆ ಕೂಡ ಹಾಕದೆ, ಕೈಯಲ್ಲೇ ಹಿಡಕೊಂಡು ದಿಣ್ಣೆ ಹತ್ತಿದಳು.

ಆಮೇಲೆ ಮೂರು ದಿನ ಅವಳು ಆ ಬಂಡೆ ಬಿಟ್ಟು ಅಲುಗಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೊರಟರೆ, "ಬ್ಯಾಡ, ಇರ್ಲಿ" ಅಂತ ಫೋನು ಕೊಡಲೊಲ್ಲಳು. ಮರಿಗಳನ್ನು ಸೊಸೆಗೆ ಒಪ್ಪಿಸಿದ್ದಳು. ಮುದ್ದೆ ಅಲ್ಲಿಗೇ ಬರುತ್ತಿತ್ತು. ಬೇರೆ ಫೋನು ಕೂಗಿದರೂ ಎಡಗೈಯಲ್ಲಿ ನನ್ನದನ್ನು ಬಿಡದೆ ಬಲಗೈಯಲ್ಲಿ ಅದನ್ನು ಎತ್ತುತ್ತಿದ್ದಳಂತೆ. ರಾತ್ರಿ ಮಾತ್ರ ಯಾರೋ ಅದನ್ನು ಚಾರ್ಜಿಗೆ ಹಾಕಿ ಬೆಳಿಗ್ಗೆ ತಂದುಕೊಡುತ್ತಿದ್ದರು. ಆ ಫೋನು ಬಂದೇ ಬರುತ್ತದೆ ಅಂತ ಅವಳಿಗೆ ಯಾರು ಹೇಳಿದ್ದರೋ. ನಾನಂತೂ ಆಸೆ ಬಿಟ್ಟಿದ್ದೆ.

ಸೋಮವಾರ ಮಧ್ಯಾಹ್ನ ಬಿಸಿಯೂಟ ಬಡಿಸುತ್ತಿದ್ದೆ. ಮಕ್ಕಳು ತಟ್ಟೆ ಬಿಟ್ಟು ಕೂಗಿದವು. "ಸಾ, ಅಜ್ಜಿ ಮಾತಾಡ್ತಾವ್ಳೆ! ನಿಮ್ ಫೋನಲ್ಲಿ!" ಸಾರಿನ ಸೌಟು ಹಿಡಿದುಕೊಂಡೇ ದಿಣ್ಣೆಯ ಕಡೆ ಓಡಿದೆ. ಅರ್ಧ ಹತ್ತುವಷ್ಟರಲ್ಲಿ ಅಜ್ಜಿ ನನ್ನನ್ನು ನೋಡಿ, ಕೈ ಬೀಸಿ, ಕೋಳಿ ಓಡಿಸುವಂತೆ 'ಹೋಗಿ ಹೋಗಿ' ಅಂತ ಸನ್ನೆ ಮಾಡಿದಳು. ಸರ್ಕಾರಿ ನೌಕರ ಸೌಟಿನ ಸಮೇತ ಹಿಂತಿರುಗಿದ.

ಸಂಜೆ ಫೋನು ಕೈಗೆ ಕೊಟ್ಟು, "ಆ ಹುಡುಗೀನೇ ಮಾಡಿತ್ತು" ಅಂದಳು.

"ಏನಂತು?"

"ಅದು ನಿಮ್ಗೆ ಹೇಳಾ ಮಾತಲ್ಲ."

ಯಾರ ಬೈಗುಳವನ್ನೂ ಅರ್ಧಕ್ಕೆ ನುಂಗದ ಕ್ಯಾತಜ್ಜಿ ನನಗೆ ಬಂದ ಒಂದೇ ಒಂದು ಮುಖ್ಯ ಕರೆಯ ಒಂದು ಪದವನ್ನೂ ಹೇಳಲಿಲ್ಲ. ಎಷ್ಟು ಗೋಗರೆದರೂ ಎಲೆಅಡಿಕೆ ಅಗಿಯುತ್ತಾ ಗುಡ್ಡ ನೋಡುತ್ತಾ ಕೂತಳು.

ಆ ಭಾನುವಾರ ರಂಗಪ್ಪನವರು ಬಾಳೆಹಣ್ಣು, ಎಲೆಅಡಿಕೆ ಹಿಡಿದು ಮಧುಗಿರಿಯ ನಮ್ಮ ಮನೆಗೇ ಬಂದರು. ಬರಗೂರಿನಲ್ಲಿ ನಾಲ್ಕು ಜನರನ್ನು ವಿಚಾರಿಸಿಕೊಂಡೂ ಬಂದಿದ್ದರು. "ಮದ್ವೆ ಆದ್ರೆ ಈ ಗಂಡನ್ನೇ ಅಂತ ನನ್ ಮಗಳು ಪಟ್ಟು ಹಿಡ್ದು ಕೂತವ್ಳೆ" ಅಂದರು. ಅಮ್ಮ ಅವರನ್ನು ಕೂರಿಸಿ ಉಪ್ಪಿಟ್ಟು ಕೆದಕುತ್ತಲೇ ಅತ್ತರು. ಮದುವೆಗೆ ಇಡೀ ಹಟ್ಟಿ ಬಂತು. ಜುಂಜಣ್ಣ ಇಬ್ಬರು ಹೆಂಡಿರನ್ನೂ ಕರೆತಂದು ಮೊದಲ ಪಂಕ್ತಿಯಲ್ಲಿ ಉಂಡ. ರಂಗಪ್ಪನವರು ಅವನ ಎದುರು ನಿಂತು ಬಹಳ ಹೊತ್ತು ಅವನನ್ನೇ ನೋಡಿ, ಆಮೇಲೆ ತಾವೇ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದರು.

ಇದಾಗಿ ಹನ್ನೆರಡು ವರ್ಷ. ನನಗೆ ಕೊರಟಗೆರೆಗೆ ವರ್ಗವಾಯಿತು. ಹಟ್ಟಿಯ ಬೆನ್ನಿಗೇ ಈಗ ದೊಡ್ಡ ಟವರು ನಿಂತಿದೆ, ಕಾವಲಿನಲ್ಲೂ ಸಿಗ್ನಲ್ಲು, ಕುರಿ ಕಾಯುವವರ ಕೈಯಲ್ಲೂ ಸಿನಿಮಾ. ಮರದಲ್ಲಿ ಚೀಲಗಳಿಲ್ಲ. ವರ್ಷಕ್ಕೊಂದು ಸಲ ನಾವಿಬ್ಬರೂ ಬೈಕಿನಲ್ಲಿ ಹೋಗಿ ಕ್ಯಾತಜ್ಜಿಯನ್ನು ನೋಡಿ ಬರುತ್ತೇವೆ. ವನಜಾ ಪ್ರತಿ ಸಲ ಅವಳಿಗೊಂದು ಸೀರೆ ಒಯ್ಯುತ್ತಾಳೆ, ಇಬ್ಬರೂ ಕೈ ಕೈ ಹಿಡಿದು ಕೂತು ಏನೇನೋ ಮಾತಾಡಿಕೊಳ್ಳುತ್ತಾರೆ. ನಾನು ಹಳೆಯ ಶಿಷ್ಯರ ಜೊತೆ ಗತ್ತಿನಿಂದ ಕಾಫಿ ಕುಡಿಯುತ್ತೇನೆ.

ಆ ಮಧ್ಯಾಹ್ನ ಮರದ ಕೆಳಗೆ ಅಜ್ಜಿ ಏನು ಹೇಳಿದ್ದಳು ಅಂತ ನಾನು ಈ ಹನ್ನೆರಡು ವರ್ಷದಲ್ಲಿ ನೂರು ಸಲ ಕೇಳಿದ್ದೇನೆ. "ಅದು ನಮ್ಮಿಬ್ಬರ ಮಾತು" ಅನ್ನುವುದೇ ವನಜಾಳ ಉತ್ತರ. ಸರಿ, ನಾನೇ ಊಹೆ ಮಾಡಿಕೊಂಡಿದ್ದೆ. ಮೇಷ್ಟ್ರು ಅಂದ್ರೆ ಅಪ್ಪಟ ಬಂಗಾರ, ಮಕ್ಕಳನ್ನು ಹೊಡೆಯೋದಿಲ್ಲ, ಬೀಡಿ ಸೇದೋದಿಲ್ಲ, ಇಂಥ ಗಂಡು ಏಳು ಊರು ಹುಡುಕಿದರೂ ಸಿಗಲ್ಲ, ಹೀಗೆ ಹೊಗಳಿರಬೇಕು ಅಂತ. ಬೇಜಾರಾದಾಗಲೆಲ್ಲ ಆ ಹೊಗಳಿಕೆಗೆ ಒಂದೆರಡು ಸೇರಿಸಿಕೊಂಡು ಹಿಗ್ಗುತ್ತಿದ್ದೆ.

ಹೋದ ತಿಂಗಳು ಹೋಗಿ ಬರುವಾಗ ಬರಗೂರಿನ ಹತ್ತಿರ ಬೈಕು ನಿಲ್ಲಿಸಿ ಎಳನೀರು ಕುಡಿದೆವು. ನಾನು ಸುಮ್ಮನಿರದೆ, "ಪಾಪ, ಆವತ್ತು ಅಜ್ಜಿ ನನ್ನನ್ನ ಅಷ್ಟೊಂದು ಹೊಗಳದೇ ಇದ್ದಿದ್ದರೆ ನೀನೆಲ್ಲಿ, ನಾನೆಲ್ಲಿ" ಅಂದೆ.

ವನಜಾ ಎಳನೀರಿನ ಬುರುಡೆ ಕೆಳಗಿಟ್ಟು ನನ್ನನ್ನೇ ನೋಡಿದಳು. "ಯಾರ್ರೀ ಹೊಗಳಿದ್ದು? ನಿಮ್ಮ ಬಗ್ಗೆ ಅಜ್ಜಿ ಒಂದು ಒಳ್ಳೆ ಮಾತೂ ಆಡಲಿಲ್ಲ."

"ಮತ್ತೆ?"

"ನಾನು ಫೋನ್ ಮಾಡಿದ್ದು ನಿಮ್ಮನ್ನ ಬೈಯೋಕೆ. ಇಬ್ಬರು ಹೆಂಡ್ತೀರನ್ನ ಇಟ್ಕೊಂಡು ನಮ್ಮನೇಗೆ ಹೆಣ್ಣು ನೋಡೋಕೆ ಬಂದ್ರಲ್ಲ ಅಂತ ಉರೀತಿತ್ತು. ಅಜ್ಜಿ ಎತ್ತಿದ್ರು. ತಪ್ಪು ನಂದು ಕಣವ್ವ, ಚೀಲ ನೋಡಿ ಮೋಸ ಹೋದೆ, ಇವ್ನಿಗೆ ಒಬ್ಳು ಹೆಂಡ್ತೀನೂ ಇಲ್ಲ ಅಂದ್ರು. ಸರಿ ಹಂಗಾದ್ರೆ ಅಪ್ಪಂಗೆ ಹೇಳ್ತೀನಿ ಬಿಡಜ್ಜಿ ಅಂದೆ. ತಡಿ ತಡಿ ಅಂದ್ರು."

ವನಜಾ ಅಜ್ಜಿಯ ಮಾತನ್ನು ಅಜ್ಜಿಯ ದನಿಯಲ್ಲೇ ಹೇಳಿದಳು. "'ನಿಮ್ಮಪ್ಪಂಗೆ ಹೇಳಾಕೆ ಮುಂಚೆ ನಂಗೇಳವ್ವ. ಈ ಗಂಡು ನಿಂಗೆ ಬೇಕಾ? ಬ್ಯಾಡಾದ್ರೆ ಬ್ಯಾಡ ಅನ್ನು. ನಾನು ಆಡಿದ್ ಮಾತು ಅಂಗೇ ಇರ್ಲಿ ಬುಡು. ಇಬ್ರು ಹೆಂಡ್ರವ್ರೆ ಅಂತ ನಿಮ್ಮಪ್ಪ ನಂಬ್ಕೊಂಡಿರ್ಲಿ. ನಿನ್ ಮ್ಯಾಲೆ ಒಂದು ಮಾತು ಬರಲ್ಲ. ಮೇಷ್ಟ್ರಿಗೆ ನಾನು ಹೇಳ್ಕತೀನಿ.'"

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು.

"ನಿಮಗಿಂತ ಮುಂಚೆ ಒಂಬತ್ತು ಜನ ನೋಡಿ ಹೋಗಿದ್ರು ಕಣ್ರೀ. ಹುಡುಗೀನ ಒಪ್ಪಿದ್ವಿ, ಒಪ್ಪಲಿಲ್ಲ ಅಂತ ಹೇಳಿ ಕಳಿಸೋರು. ನಿಂಗೆ ಬೇಕಾ ಅಂತ ನಮ್ಮಪ್ಪನೂ ಕೇಳಲಿಲ್ಲ, ನಮ್ಮಮ್ಮನೂ ಕೇಳಲಿಲ್ಲ. ನೀವೂ ಕೇಳಲಿಲ್ಲ."

ಹೌದು. ನಾನೂ ಕೇಳಿರಲಿಲ್ಲ. ನನಗೆ ಅವಳು ಬೇಕು ಅನ್ನುವುದರಲ್ಲೇ ನಾನು ಮುಳುಗಿದ್ದೆ.

"ನೀನು ಏನಂದೆ?"

"ತಕ್ಷಣ ಏನೂ ಅನ್ನಲಿಲ್ಲ. ಯಾರೂ ಕೇಳಿರದ ಪ್ರಶ್ನೆಗೆ ಉತ್ತರ ಎಲ್ಲಿ ರೆಡಿ ಇರುತ್ತೆ? ಹತ್ತು ನಿಮಿಷ ಯೋಚನೆ ಮಾಡಿದೆ. ಅಷ್ಟು ಹೊತ್ತೂ ಅಜ್ಜಿ ಒಂದು ಮಾತಾಡಲಿಲ್ಲ, ಫೋನೂ ಇಡಲಿಲ್ಲ. ಉಸಿರು ಮಾತ್ರ ಕೇಳಿಸ್ತಿತ್ತು. ಆಮೇಲೆ ಬೇಕು ಅಂದೆ."

ಮೂರು ದಿನ ಆ ಬಂಡೆಯ ಮೇಲೆ ಕೂತು ಅವಳು ಕಾದದ್ದು ನನ್ನ ಮದುವೆ ಉಳಿಸಲು ಅಂತ ನಾನು ತಿಳಿದಿದ್ದೆ. ಮುಖ ಕೂಡ ನೋಡಿರದ ಒಬ್ಬ ಹುಡುಗಿಗೆ ಬೇಡ ಅನ್ನಲೂ ದಾರಿ ಬಿಟ್ಟು, ಆಮೇಲೆ ನನ್ನನ್ನು ಅವಳ ಕೈಗೆ ಕೊಟ್ಟಿದ್ದಳು. ಹೊಗಳಿ ಗಂಟು ಹಾಕಿದ್ದರೆ ನನಗೆ ಹೆಂಡತಿ ಸಿಗುತ್ತಿದ್ದಳು, ನಿಜ. ಬೇಕು ಅಂತ ಬಂದ ಹೆಂಡತಿ ಸಿಕ್ಕಿದ್ದು ಕ್ಯಾತಜ್ಜಿಯಿಂದ. ಕಣ್ಣಲ್ಲಿ ನೀರು ಬಂತು, ಎಳನೀರಿನವನು ನೋಡುತ್ತಿದ್ದ, ನೋಡಲಿ.

ಬೈಕನ್ನು ಹಟ್ಟಿಯ ಕಡೆ ತಿರುಗಿಸಿದೆ.

"ಎಲ್ಲಿಗ್ರೀ ಮತ್ತೆ? ಮಗು ಕಾಯ್ತಿರುತ್ತೆ."

"ಅಜ್ಜಿಯ ಕಾಲಿಗೆ ಬಿದ್ದು ಬರೋಣ ಬಾ."

"ನಾನು ಹನ್ನೆರಡು ವರ್ಷದಿಂದ ಬೀಳ್ತಾನೇ ಇದ್ದೀನಿ" ಅಂದಳು ವನಜಾ, ಹಿಂದೆ ಹತ್ತಿ ಕೂರುತ್ತಾ. "ಬೀಳದೆ ಉಳಿದಿರೋರು ನೀವೊಬ್ರೇ."